ಕಾಲೇಜು ಕಾರ್ಖಾನೆಯೆ?

ಭದ್ರಾವತಿಯವರಾದ ನಮಗೆ ಕಾರ್ಖಾನೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ನಮ್ಮೂರನ್ನು ಊರಾಗಿ ಮಾಡಿದವು. ನನ್ನ ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಚಿಮಣಿ ಇದ್ದರೆ ಕಾರ್ಖಾನೆ, ಗಂಟೆ ಇದ್ದರೆ ಶಾಲೆ ಎಂದೇ ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಕಾನೂನು ಹಾಗೆ ನೋಡುವುದಿಲ್ಲವೆಂದು ತಿಳಿದದ್ದು 2019ರಲ್ಲಿ.

ಶಿವಮೊಗ್ಗೆಯ ಒಂದು ಖಾಸಗಿ ಶಾಲೆಯಲ್ಲಿ ನನ್ನ ಸೋದರತ್ತೆ ಹನ್ನೊಂದು ವರ್ಷ ಆಯಾ ಆಗಿದ್ದರು. ಒಂದು ಸಂಜೆ, "ನಾಳೆಯಿಂದ ಬರಬೇಡಿ" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿಬಿಟ್ಟರು. ಅಜ್ಜನಿಗೆ ಸಿಟ್ಟು ಬಂತು.

"ಲೇಬರ್ ಕೋರ್ಟಿಗೆ ಹೋಗಮ್ಮ."

"ಅದು ಫ್ಯಾಕ್ಟರಿಯವರಿಗಲ್ಲವೇನಪ್ಪಾ? ನಮ್ಮದು ಶಾಲೆ."

ಅತ್ತೆಯ ಈ ಪ್ರಶ್ನೆ ಸಾಮಾನ್ಯವಾದುದಲ್ಲ. ದೇಶದ ಅತ್ಯುನ್ನತ ನ್ಯಾಯಾಲಯವನ್ನೇ ಕಾಡಿದ ಪ್ರಶ್ನೆ. 1947ರ ಕೈಗಾರಿಕಾ ವಿವಾದಗಳ ಕಾನೂನು 'ಕೈಗಾರಿಕೆ'ಯಲ್ಲಿ ದುಡಿಯುವವರಿಗೆ ಮಾತ್ರ ರಕ್ಷಣೆ ಕೊಟ್ಟಿತ್ತು. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಿದ್ಯಾದಾನ ಕೈಗಾರಿಕೆಯಲ್ಲ, ಆದುದರಿಂದ ಚಾಲಕರಿಗೂ ಆ ಕಾನೂನು ಸಲ್ಲದು ಎಂದು ತೀರ್ಮಾನಿಸಿತು.

ಇದನ್ನು ತಿರುಗಿಸಿದ್ದು ನಮ್ಮ ರಾಜ್ಯದಿಂದ ಹೋದ ಒಂದು ಮೊಕದ್ದಮೆ. ಬೆಂಗಳೂರು ನೀರು ಸರಬರಾಜು ಮಂಡಲಿಯು ಕೆಲವು ನೌಕರರಿಗೆ ದಂಡ ಹಾಕಿ ವಸೂಲು ಮಾಡಿತು. ಅವರು ಲೇಬರ್ ಕೋರ್ಟಿಗೆ ಹೋದರು. ಮಂಡಲಿಯು, "ನಾವು ಜನರಿಗೆ ನೀರು ಕೊಡುವವರು, ಕೈಗಾರಿಕೆ ನಡೆಸುವವರಲ್ಲ" ಎಂದು ವಾದಿಸಿತು. 1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು.

ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಕೊಟ್ಟ ಅಳತೆ ಸರಳವಾದುದು. ಕ್ರಮಬದ್ಧವಾದ ಚಟುವಟಿಕೆಯಿದೆಯೆ? ಮಾಲೀಕ ಮತ್ತು ನೌಕರರ ಸಹಕಾರದಿಂದ ಅದು ನಡೆಯುತ್ತದೆಯೆ? ಜನರ ಬೇಕುಗಳನ್ನು ಪೂರೈಸುವ ವಸ್ತು ಅಥವಾ ಸೇವೆ ಅದರಿಂದ ದೊರೆಯುತ್ತದೆಯೆ? ಮೂರಕ್ಕೂ ಹೌದೆಂದರೆ ಅದು ಕೈಗಾರಿಕೆ. ಲಾಭದ ಉದ್ದೇಶ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ರಾಜ್ಯದ ಸಾರ್ವಭೌಮ ಕಾರ್ಯಗಳಂಥವು ಮಾತ್ರ ಹೊರಗೆ. ಹೀಗೆ 1963ರ ತೀರ್ಪು ಬಿದ್ದುಹೋಗಿ, ಶಾಲೆ ಕಾಲೇಜುಗಳು ಒಳಗೆ ಬಂದವು.

ತರ್ಕದ ಸೊಗಸು ಇಲ್ಲಿದೆ: ಸಂಸ್ಥೆಯ ಉದ್ದೇಶ ಎಷ್ಟು ಪವಿತ್ರವಾದರೂ ಕಸ ಗುಡಿಸುವವನ ಹಸಿವು ಬದಲಾಗುವುದಿಲ್ಲ. ನಮ್ಮ ಉಪನ್ಯಾಸಕರು ಸಂತೋಷಪಡುವ ಮುನ್ನ ಒಂದು ಮಾತು: 1988ರಲ್ಲಿ ಅದೇ ನ್ಯಾಯಾಲಯ, ಶಾಲೆ ಕೈಗಾರಿಕೆಯಾದರೂ ಪಾಠ ಹೇಳುವವರು ಆ ಕಾನೂನಿನ 'ಕಾರ್ಮಿಕ'ರಲ್ಲ ಎಂದಿತು! ಜವಾನನಿಗೆ ತೆರೆದ ಬಾಗಿಲು ಮೇಷ್ಟ್ರಿಗೆ ತೆರೆಯಲಿಲ್ಲ.

ತೀರ್ಪಿಗೆ ವಿರೋಧವೂ ಉಂಟು. ಇಷ್ಟು ಅಗಲವಾದ ಅರ್ಥ ಸಣ್ಣ ಸೇವಾಸಂಸ್ಥೆಗಳಿಗೆ ಭಾರವಾದೀತೆಂಬ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. 2017ರಲ್ಲಿ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲು ನಿರ್ಣಯವಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಅಯ್ಯರ್ ಅವರ ಅಳತೆಯನ್ನು ಬಹುಮಟ್ಟಿಗೆ ಉಳಿಸಿಕೊಂಡರೂ, ಮುಖ್ಯವಾಗಿ ದಾನಧರ್ಮ ಹಾಗೂ ಸಮಾಜಸೇವೆಯಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು ಹೊರಗಿಟ್ಟಿತು. ಧರ್ಮಕ್ಕಾಗಿ ನಡೆಯುವುದು ಯಾವುದು, ಧರ್ಮದ ಹೆಸರಿನಲ್ಲಿ ನಡೆಯುವುದು ಯಾವುದು ಎಂಬ ಜಗಳ ಇನ್ನು ಮುಗಿಯುವಂತಹುದಲ್ಲ.

ಅತ್ತೆಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ವಕೀಲರೊಬ್ಬರು 1978ರ ತೀರ್ಪನ್ನು ಹೆಸರಿಸಿ ಒಂದು ಪತ್ರ ಬರೆದುಕೊಟ್ಟರು. ಕಾರ್ಮಿಕ ಅಧಿಕಾರಿಗಳ ಮುಂದೆ ರಾಜಿಯಾಯಿತು. ಒಂದು ತಿಂಗಳ ನೋಟೀಸಿನ ಸಂಬಳವೂ, ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸಂಬಳದಂತೆ ಪರಿಹಾರವೂ ಕೈಗೆ ಬಂದವು. ಕೆಲಸ ಮಾತ್ರ ಮರಳಿ ಬರಲಿಲ್ಲ.

"ಹಾಗಾದರೆ ನಾನೂ ನಿಮ್ಮ ಹಾಗೆ ಕಾರ್ಖಾನೆಯವಳೇ ಅಪ್ಪಾ" ಎಂದರು ಅತ್ತೆ. ಅಜ್ಜ ಬಹಳ ದಿನಗಳ ಮೇಲೆ ನಕ್ಕರು.