ಹಿಂಬಾಗಿಲ ಕೀಲಿಕೈ ಯಾರ ಹತ್ರ ಅದ?

ಜೇವರ್ಗಿ ಕಡೆ ಹತ್ತಿ ಬಿಡಿಸಿದ್ರಂದ್ರ ಜಿನ್ನಿಂಗ್ ಮಿಲ್ಲಿಗೆ ಸುಗ್ಗಿ. ಹತ್ತಿ ಜೋಡಿ ಒಂದು ಸಣ್ಣ ಕಲ್ಲು, ಒಂದು ಮೊಳಿ ಮಷೀನಿಗೆ ಹೋದ್ರ ಸಾಕು, ಕಿಡಿ. ಈ ಬೆಂಕಿ ಲಗೂನ ಕಣ್ಣಿಗೆ ಬೀಳಂಗಿಲ್ಲ ನೋಡ್ರಿ. ರಾಶಿ ಒಳಗ ತಾಸುಗಟ್ಟಲೆ ಹೊಗಿಯಾಡ್ತದ. ಮ್ಯಾಲ ಎರಡು ಕೊಡ ನೀರು ಸುರುವಿ ‘ಆರ್ತು’ ಅಂದ್ರೋ, ಕೆಟ್ರಿ! ರಾಶಿ ಎಳದು, ಹರವಿ, ನೆನಸಬೇಕು.

ಆಳಂದ, ಅಫಜಲಪುರದಾಗ ಕಬ್ಬು. ಸಕ್ಕರಿ ಧೂಳೂ ಸಿಡೀತದ: 2008ರಾಗ ಅಮೆರಿಕದ ಜಾರ್ಜಿಯಾದಾಗ ಹಂಗೇ ಸಕ್ಕರಿ ಕಾರ್ಖಾನಿ ಸಿಡದು 14 ಮಂದಿ ಸತ್ರು. ಅದಕ್ಕೇ ದಿನಾ ಧೂಳು ತೆಗೀಬೇಕು.

ಖರೇ ಅಂದ್ರ, ನನಗ ಬಾಗಿಲದ್ದೇ ಚಿಂತಿ. 2010ರ ಫೆಬ್ರವರಿ 23, ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕ ಬೆಂಕಿ ಬಿತ್ತು. ಹೊಗಿ ತುಂಬ್ತು, ಹೊರಗ ಬರೋ ದಾರಿ ಸಿಗದ 9 ಮಂದಿ ಹೋದ್ರು. ಉಸಿರು ಕಟ್ಟಿ ಕಿಟಕಿಯಿಂದ ಜಿಗದವರೂ ಅದರಾಗ ಇದ್ರು.

ಪಾರಾಗೋ ದಾರಿ ಇರಬೇಕು, ಅದು ಕೆಲಸಗಾರರಿಗೆಲ್ಲ ಗೊತ್ತಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆನೇ ಹೇಳಿತ್ತು. ಈಗ ನಿಮ್ಮ ಮಿಲ್ಲಿನ ಹಿಂಬಾಗಿಲು ನೋಡ್ರಿ. ಅಡ್ಡ ಚೀಲದ ಥಪ್ಪಿ. ಕಳ್ಳರ ಅಂಜಿಕಿಗೆ ಕೀಲಿ. ಕೀಲಿಕೈ ಸಾಹುಕಾರ್ರ ಕಿಸೇದಾಗ. ಸಾಹುಕಾರ್ರು ಕಲಬುರಗ್ಯಾಗ.