ದುಡಿದು ಪಡೆದದ್ದು ನೆರವು ಹೇಗಾದೀತು?

ಪ್ರಶ್ನೆ: ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಅರೆಕಾಲಿಕವಾಗಿ ದುಡಿದು ಗಳಿಸಿದ್ದನ್ನೂ ‘ಆರ್ಥಿಕ ನೆರವು’ ಎನ್ನುತ್ತಾರಂತೆ. ಅದು ಸಂಬಳವಲ್ಲವೇ?

ಉತ್ತರ: ಸಂಬಳವೇ ಹೌದು, ಆದರೆ ಅದರ ದೊಡ್ಡ ಪಾಲು ಸರ್ಕಾರದ್ದು. 1964ರ ಆರ್ಥಿಕ ಅವಕಾಶ ಕಾಯ್ದೆಯಿಂದ ಹುಟ್ಟಿದ ‘ಫೆಡರಲ್ ವರ್ಕ್-ಸ್ಟಡಿ’ ಯೋಜನೆಯಲ್ಲಿ ಸಾಮಾನ್ಯವಾಗಿ ಶೇ 75ರವರೆಗೆ ಒಕ್ಕೂಟ ಸರ್ಕಾರ ಭರಿಸುತ್ತದೆ. ಮನೆಯ ಆದಾಯ ತಿಳಿಸುವ ‘ಫಾಫ್ಸಾ’ ಅರ್ಜಿ ನೋಡಿ, ಅಗತ್ಯವಿದ್ದವರಿಗೆ ಮಾತ್ರ ವರ್ಷಕ್ಕೆ ಇಂತಿಷ್ಟು ಎಂದು ಮಂಜೂರು ಮಾಡುತ್ತಾರೆ. ಗ್ರಂಥಾಲಯಕ್ಕೆ ವಾಪಸಾದ ಪುಸ್ತಕಗಳನ್ನು ಕಪಾಟಿಗೆ ಜೋಡಿಸುವುದೋ, ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವುದೋ, ಮಾಡಿದ ಗಂಟೆಗಳಿಗಷ್ಟೇ ಹಣ. ದುಡಿಯದಿದ್ದರೆ ಮಂಜೂರಾದದ್ದು ಕಾಗದದಲ್ಲೇ ಉಳಿಯುತ್ತದೆ. ಇನ್ನೊಂದು ಅನುಕೂಲವೂ ಉಂಟು: ಹೊರಗಿನ ಸಂಬಳವನ್ನು ಹಿಡಿಯುವ ಹಾಗೆ ಈ ಗಳಿಕೆಯನ್ನು ಮುಂದಿನ ನೆರವಿನ ಲೆಕ್ಕದಲ್ಲಿ ಆದಾಯವೆಂದು ಹಿಡಿಯುವುದಿಲ್ಲ.

ಓದುವ ಹೊತ್ತನ್ನು ಕೆಲಸ ನುಂಗುವುದಿಲ್ಲವೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಬಡ ವಿದ್ಯಾರ್ಥಿಯ ಮುಂದೆ ಕೆಲಸ ಅಥವಾ ಬಿಡುವು ಎಂಬ ಆಯ್ಕೆ ಇರುವುದೇ ಇಲ್ಲ. ಇರುವುದು ಈ ಕೆಲಸ, ಪಾಠದ ವೇಳೆ ಲೆಕ್ಕಿಸದ ಹೊರಗಿನ ಕೆಲಸ, ಇಲ್ಲವೇ ಸಾಲ. ವರ್ಕ್-ಸ್ಟಡಿಯಲ್ಲಿ ತರಗತಿಯ ವೇಳೆಯಲ್ಲಿ ಸಾಮಾನ್ಯವಾಗಿ ದುಡಿಸುವಂತಿಲ್ಲ. ಹಾಗೆಂದು ಇದೊಂದರಿಂದಲೇ ಶುಲ್ಕ ತುಂಬದು. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಎಲ್ಲರೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯುತ್ತಾರೆ, ಬೋಧನಾ ಶುಲ್ಕ ಕಟ್ಟುವುದಿಲ್ಲ. ಆದರೂ ಆ ವೆಚ್ಚವನ್ನು ಮುಖ್ಯವಾಗಿ ತುಂಬುವುದು ದತ್ತಿನಿಧಿ. ನಮ್ಮಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ವರ್ಕ್-ಸ್ಟಡಿ ಸಿಗದು. ಆದರೆ ಅವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಅದು ಬರೀ ಸಂಬಳ.