ಅಟ್ಟದ ಮೇಲಿನ ನಾಡಕೋವಿ: ಗೃಹಿಣಿಗೂ ತಿಳಿದಿರಲಿ ಕಾನೂನು

ಸಾಸಿವೆ ಡಬ್ಬಿಯಿಂದ ಹಿಡಿದು ಅಜ್ಜಿಯ ಕಾಲದ ತಾಮ್ರದ ಹಂಡೆಯವರೆಗೆ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ಕೇಳಿದರೆ ಥಟ್ಟನೆ ಹೇಳಬಲ್ಲವಳು ಗೃಹಿಣಿ. ಯಜಮಾನರ ಕನ್ನಡಕ ಕಾಣೆಯಾದರೂ ಹುಡುಕಿಕೊಡುವವರು ನಾವೇ ತಾನೇ? ಹಾಗಿರುವಾಗ ಸೋದರಿಯರೇ, ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಕೋವಿಯೊಂದಿದ್ದರೆ ಅದು ನಮಗೆ ಗೊತ್ತಾಗದೆ ಇರುತ್ತದೆಯೇ? "ಅದು ಗಂಡಸರ ವಿಚಾರ, ನನಗೇಕೆ ಆ ಉಸಾಬರಿ" ಅಂತ ಸುಮ್ಮನಿರುವವರೇ ನಮ್ಮಲ್ಲಿ ಹೆಚ್ಚು. ಆದರೆ ಕಾನೂನು ನಮ್ಮನ್ನು ಹಾಗೆ ಸುಮ್ಮನೆ ಬಿಡುವುದಿಲ್ಲ.

ನಾಡಕೋವಿ ಎಂದರೇನು?

ಮಲೆನಾಡಿನಲ್ಲಿ, ಕಾಡಂಚಿನ ಊರುಗಳಲ್ಲಿ ಕೋವಿ ಅಪರೂಪದ ವಸ್ತುವೇನಲ್ಲ. ಹಂದಿ, ಮಂಗಗಳ ಕಾಟದಿಂದ ಬೇಸತ್ತ ರೈತರು ಬೆಳೆ ಕಾಯಲು ಅದನ್ನು ನೆಚ್ಚಿಕೊಂಡು ಬಂದಿದ್ದಾರೆ. ಲೈಸೆನ್ಸ್ ಪಡೆದು ಅಂಗಡಿಯಿಂದ ತಂದ ಕೋವಿ ಒಂದು ಬಗೆ. ಯಾರ ಹತ್ತಿರವೋ ಗುಟ್ಟಾಗಿ ಮಾಡಿಸಿಕೊಂಡದ್ದು ಇನ್ನೊಂದು ಬಗೆ. ಈ ಎರಡನೆಯದನ್ನೇ ನಾಡಕೋವಿ, ನಾಡಬಂದೂಕು ಎನ್ನುವುದು. ಇದರ ನಳಿಕೆ ಎಷ್ಟು ಗಟ್ಟಿ ಎಂದು ಪರೀಕ್ಷಿಸಿ ನೋಡಿದವರಿಲ್ಲ. ಹೊಡೆಯುವಾಗ ಸಿಡಿದರೆ ಹೊಡೆದವರ ಕೈಗೆ, ಕಣ್ಣಿಗೇ ಸಂಚಕಾರ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರ 3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸುವುದಕ್ಕೆ, ಮಾರುವುದಕ್ಕೆ, ಅಷ್ಟೇಕೆ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಆಟಿಕೆಯ ಬಂದೂಕನ್ನು ನಿಜವಾದ ಬಂದೂಕಾಗಿ ಮಾರ್ಪಡಿಸುವುದಕ್ಕೂ ಅಡ್ಡಿಯಿದೆ.

2019ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂದು ಶಿಕ್ಷೆ ಇನ್ನೂ ಬಿಗಿಯಾಯಿತು. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದವರಿಗೆ, ಮಾರಿದವರಿಗೆ ಕನಿಷ್ಠ 7 ವರ್ಷ ಜೈಲು. ಅದು ಜೀವಾವಧಿಯವರೆಗೂ ಹೋಗಬಹುದು. ಸುಮ್ಮನೆ ಮನೆಯಲ್ಲಿಟ್ಟುಕೊಂಡವರಿಗೂ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಜೊತೆಗೆ ದಂಡ.

ಈಗ ನಮಗೆ ಸಂಬಂಧಿಸಿದ ಮಾತಿಗೆ ಬರೋಣ. ಕಾಯ್ದೆಯ 35ನೇ ಕಲಮನ್ನು ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರಬೇಕು. ಹಲವರು ಒಟ್ಟಿಗೆ ವಾಸವಾಗಿರುವ ಮನೆಯಲ್ಲಿ ಅಕ್ರಮ ಬಂದೂಕು ಸಿಕ್ಕಿತು ಎನ್ನಿ. ಅದು ಅಲ್ಲಿರುವುದು ಯಾರ್‍ಯಾರಿಗೆ ಗೊತ್ತಿತ್ತೆಂದು ನಂಬಲು ಕಾರಣವಿದೆಯೋ ಅವರೆಲ್ಲರೂ, ತಾವೇ ಆ ತಪ್ಪು ಮಾಡಿದಂತೆ ಹೊಣೆಯಾಗುತ್ತಾರೆ. ಹಾಗಲ್ಲವೆಂದು ಸಾಬೀತು ಮಾಡುವ ಭಾರವೂ ಅವರದ್ದೇ. ಮನೆಯ ಮೂಲೆಮೂಲೆ ಗುಡಿಸುವವಳು "ನನಗೆ ಗೊತ್ತೇ ಇರಲಿಲ್ಲ" ಎಂದರೆ ನಂಬುವವರು ಯಾರು, ನೀವೇ ಹೇಳಿ!

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

"ನಮ್ಮದು ಮುತ್ತಜ್ಜನ ಕಾಲದ ಕೋವಿ, ತುಕ್ಕು ಹಿಡಿದಿದೆ. ಅದಕ್ಕೂ ಲೈಸೆನ್ಸ್ ಬೇಕೇ?" ರಿಪೇರಿ ಮಾಡಿದರೂ ಹೊಡೆಯಲು ಬಾರದಷ್ಟು ಕೆಟ್ಟಿದ್ದರೆ ಮಾತ್ರ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಅದನ್ನು ನಾವೇ ತೀರ್ಮಾನ ಮಾಡಿಕೊಂಡು ಕೂರುವ ಹಾಗಿಲ್ಲ. ತುಕ್ಕು ಹಿಡಿದದ್ದೆಲ್ಲ ಕೆಟ್ಟುಹೋದದ್ದು ಎಂದು ಅರ್ಥವಲ್ಲ.

"ಮಾವನವರ ಹೆಸರಿನಲ್ಲಿ ಲೈಸೆನ್ಸ್ ಇತ್ತು, ಅವರು ತೀರಿಕೊಂಡರು." ಲೈಸೆನ್ಸ್ ಗದ್ದೆ-ತೋಟದ ಹಾಗೆ ತಾನಾಗಿಯೇ ಮಕ್ಕಳಿಗೆ ಬರುವುದಿಲ್ಲ. ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಜಮೆ ಮಾಡಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. ತಿಥಿ, ಖಾತೆ ಬದಲಾವಣೆಗಳ ಗಡಿಬಿಡಿಯಲ್ಲಿ ಇದು ಮರೆತೇ ಹೋಗುತ್ತದೆ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಜನ ಅವರು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮನೆಯಲ್ಲೇ ತಯಾರಿಸುವುದಕ್ಕಲ್ಲ.

"ಹಾಗಾದರೆ ಬೆಳೆ ಕಾಯುವುದು ಹೇಗೆ?" ನ್ಯಾಯವಾದ ಪ್ರಶ್ನೆ. ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಹಂದಿಯ ಪಾಲಾದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಬೆಳೆ ರಕ್ಷಣೆಗೆಂದೇ ಬಾಯಿಮದ್ದಿನ ಕೋವಿಗೆ ಲೈಸೆನ್ಸ್ ಕೊಡಲು ಇದೇ ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸರ ವರದಿ ತರಿಸಿಕೊಂಡು ಅವರು ನಿರ್ಧರಿಸುತ್ತಾರೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಓಡಾಟ ಇದೆ, ಕಾಯಬೇಕಾಗುತ್ತದೆ, ಸುಳ್ಳಲ್ಲ. ಆದರೂ ಜೈಲಿನ ಬಾಗಿಲಲ್ಲಿ ಕಾಯುವುದಕ್ಕಿಂತ ಇದು ಮೇಲಲ್ಲವೇ? ಇನ್ನೊಂದು ವಿಷಯ. ಲೈಸೆನ್ಸ್ ಇದ್ದರೂ ಅನುಮತಿಯಿಲ್ಲದೆ ಕಾಡುಪ್ರಾಣಿ ಕೊಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇರೆ ಕೇಸಾಗುತ್ತದೆ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಬಹುದು.

ಮನೆಯಲ್ಲಿ ಇದ್ದರೆ ಏನು ಮಾಡಬೇಕು?

ಮೊದಲನೆಯದಾಗಿ, ಗಾಬರಿಯಾಗಿ ಅದನ್ನು ಬಾವಿಗೆ ಎಸೆಯಬೇಡಿ, ತೋಟದಲ್ಲಿ ಹೂಳಬೇಡಿ, ಅಣ್ಣನ ಮನೆಗೆ ಸಾಗಿಸಬೇಡಿ. ತಪ್ಪಿನ ಮೇಲೆ ತಪ್ಪು ಸೇರುತ್ತದೆ. ನೀವಾಗಿ ಮುಟ್ಟಲೂ ಹೋಗಬೇಡಿ, ಒಳಗೆ ಮದ್ದು ತುಂಬಿದೆಯೋ ಇಲ್ಲವೋ ಮೇಲಿನಿಂದ ತಿಳಿಯುವುದಿಲ್ಲ. ಮಕ್ಕಳನ್ನು ಆ ಕಡೆ ಬಿಡಬೇಡಿ.

ಎರಡನೆಯದಾಗಿ, ಯಜಮಾನರ ಹತ್ತಿರ ಮಾತಾಡಿ. ಊಟದ ಹೊತ್ತಿನಲ್ಲಿ ಜಗಳ ತೆಗೆಯುವುದು ಬೇಡ, ಸಮಾಧಾನವಾಗಿ ಇರುವಾಗ ಕೇಳಿ. "ನಿಮಗೇನಾದರೂ ಆದರೆ ಈ ಮಕ್ಕಳ ಗತಿಯೇನು? ನನ್ನನ್ನೂ ಕರೆದೊಯ್ದರೆ ಅತ್ತೆಯವರನ್ನು ನೋಡಿಕೊಳ್ಳುವವರು ಯಾರು?" ಎಂಬ ಒಂದು ಮಾತು ಹತ್ತು ಬೈಗುಳಕ್ಕಿಂತ ಹೆಚ್ಚು ತಾಗುತ್ತದೆ.

ಮೂರನೆಯದಾಗಿ, ವಕೀಲರ ಸಲಹೆ ಪಡೆದು ಪೊಲೀಸರಿಗೆ ತಿಳಿಸಿ ಒಪ್ಪಿಸುವ ಏರ್ಪಾಡು ಮಾಡಿ. ತಾವಾಗಿ ಒಪ್ಪಿಸಿದ ಮಾತ್ರಕ್ಕೆ ಎಲ್ಲ ಮಾಫಿಯಾಗುತ್ತದೆ ಎಂದು ಕಾಯ್ದೆ ಭರವಸೆ ಕೊಡುವುದಿಲ್ಲ. ಅದಕ್ಕೇ ವಕೀಲರು ಬೇಕು ಎನ್ನುವುದು. ಫೀಸಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿಯೂ ಇಲ್ಲ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಿ ವಿಚಾರಿಸಿ.

ಬೇಸಿಗೆ ರಜೆ ಬಂದರೆ ಮೊಮ್ಮಕ್ಕಳು, ನೆಂಟರ ಮಕ್ಕಳು ಮನೆ ತುಂಬುತ್ತಾರೆ. ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೆ ಅಟ್ಟಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅವರು ಬರುವ ಮೊದಲೇ, ಸೋದರಿಯರೇ, ಅಟ್ಟದ ಮೇಲೆ ಏನಿದೆ ಎಂದು ಯಜಮಾನರನ್ನು ಕೇಳಿಬಿಡಿ.